ಡ್ರಿಫ್ಟ್‌ವುಡ್ ಮೇಲಿನ ಗಿಡ ಕೆಡುತ್ತಿದೆಯಾ? ಎಲೆ ನೋಡುವ ಮೊದಲು ರೈಜೋಮ್ ಮುಟ್ಟಿ ನೋಡಿ

ಮೀನಿನ ಟ್ಯಾಂಕಿನಲ್ಲಿ (ಅಕ್ವೇರಿಯಂ) ಡ್ರಿಫ್ಟ್‌ವುಡ್‌ಗೆ, ಅಂದರೆ ಮರದ ತುಂಡಿಗೆ, ಕಟ್ಟಿದ ಅನುಬಿಯಾಸ್ ಗಿಡದ ಎಲೆ ಹಳದಿಯಾದರೆ ಹೆಚ್ಚಿನವರು ಮೊದಲು ಗೊಬ್ಬರದ ಬಾಟಲಿ ತೆಗೆಯುತ್ತಾರೆ. ಜಾವಾ ಫರ್ನ್ ಮೇಲೆ ಕಪ್ಪು ಚುಕ್ಕೆ ಕಂಡರೆ ಔಷಧಿ ಹುಡುಕುತ್ತಾರೆ. ಮಾಸ್ (ಹಾಸಿನಂತೆ ಹರಡುವ ಪುಟ್ಟ ಹಸಿರು ಗಿಡ) ಕಂದು ಬಣ್ಣಕ್ಕೆ ತಿರುಗಿದರೆ ಲೈಟ್ ಜಾಸ್ತಿ ಮಾಡುತ್ತಾರೆ. ಈ ಮೂರೂ ಕೆಲಸಕ್ಕೆ ಒಂದೊಂದು ಸಮಯ ಇದೆ, ಆದರೆ ಶುರು ಮಾಡಬೇಕಾದದ್ದು ಇಲ್ಲಿಂದ ಅಲ್ಲ.

ಕಾರಣ ಇಷ್ಟೇ. ಈ ಗಿಡಗಳು ತುಂಬಾ ನಿಧಾನ. ಚೆನ್ನಾಗಿರುವ ಅನುಬಿಯಾಸ್ ಕೂಡ ಒಂದು ಹೊಸ ಎಲೆ ಬಿಡಲು ಎರಡು ಮೂರು ವಾರ ತೆಗೆದುಕೊಳ್ಳುತ್ತದೆ, ಬುಸೆಫಲಾಂಡ್ರಾ ಇನ್ನೂ ನಿಧಾನ. ಒಂದೊಂದು ಎಲೆಯೂ ತಿಂಗಳುಗಟ್ಟಲೆ ಗಿಡದಲ್ಲೇ ಇರುತ್ತದೆ. ಹಾಗಾಗಿ ಇವತ್ತು ಎಲೆಯಲ್ಲಿ ಕಾಣುವ ತೊಂದರೆ ಬಹಳ ಸಲ ಹೋದ ತಿಂಗಳು ಶುರುವಾಗಿರುತ್ತದೆ, ಇವತ್ತು ನೀವು ಮಾಡುವ ರಿಪೇರಿಯ ಫಲ ಮುಂದಿನ ತಿಂಗಳು ಕಾಣುತ್ತದೆ. ಎಲೆಯನ್ನೇ ನಂಬಿಕೊಂಡು ಕೂತರೆ ಗಿಡ ಸತ್ತ ಮೇಲೆ ಗೊತ್ತಾಗುತ್ತದೆ. ಗಿಡ ಬದುಕುತ್ತದಾ ಇಲ್ಲವಾ ಅನ್ನುವುದನ್ನು ಈಗಲೇ ಹೇಳುವುದು ರೈಜೋಮ್ ಮಾತ್ರ. ಅಂದರೆ ಎಲೆಗಳ ಬುಡದಲ್ಲಿ ಅಡ್ಡಡ್ಡ ಹರಿದಿರುವ ಆ ದಪ್ಪ ಕಾಂಡ.

ಹಾಗಾಗಿ ನೋಡಬೇಕಾದ ಕ್ರಮ ಹೀಗೆ: ಮೊದಲು ರೈಜೋಮ್, ಆಮೇಲೆ ಕೆಟ್ಟಿರುವುದು ಹಳೇ ಎಲೆಯೋ ಹೊಸ ಎಲೆಯೋ ಅನ್ನುವುದು, ಆಮೇಲೆ ಎಲೆಯ ಮೇಲೆ ಕೂತಿರುವುದು ಏನು ಅನ್ನುವುದು, ಕೊನೆಗೆ ಮರ.

ನಿಮ್ಮ ಹತ್ತಿರ ಇರುವುದು ಯಾವ ಗಿಡ?

ಮರದ ಮೇಲೆ ಬೆಳೆಯುವ ಗಿಡಗಳಲ್ಲಿ ಎರಡು ಗುಂಪು. ಒಂದು ರೈಜೋಮ್ ಇರುವವು: ಆಫ್ರಿಕಾದ ಅನುಬಿಯಾಸ್, ಬೋಲ್ಬಿಟಿಸ್, ಆಗ್ನೇಯ ಏಷ್ಯಾದ ಜಾವಾ ಫರ್ನ್, ಬೋರ್ನಿಯೋ ದ್ವೀಪದ ಬುಸೆಫಲಾಂಡ್ರಾ. ಇನ್ನೊಂದು ಮಾಸ್‌ಗಳು: ಜಾವಾ ಮಾಸ್, ಕ್ರಿಸ್ಮಸ್ ಮಾಸ್, ಫಿಸಿಡೆನ್ಸ್ ಇತ್ಯಾದಿ. ಮಾಸ್‌ಗೆ ನಿಜವಾದ ಬೇರೇ ಇಲ್ಲ, ಹಿಡಿದುಕೊಳ್ಳಲು ಸಣ್ಣ ಎಳೆಗಳಿರುತ್ತವೆ ಅಷ್ಟೇ. ಮಾಸ್ ತೊಂದರೆಗಳು ಬೇರೆ ಥರ, ಅದಕ್ಕೆ ಕೆಳಗೆ ಪ್ರತ್ಯೇಕವಾಗಿ ಬರೆದಿದ್ದೇನೆ.

ಇವೆರಡರಲ್ಲಿ ಯಾವುದೂ ಅಲ್ಲದ ಗಿಡ, ಉದಾಹರಣೆಗೆ ಅಮೆಜಾನ್ ಸ್ವೋರ್ಡ್ ಅಥವಾ ಕ್ರಿಪ್ಟ್ (ಕ್ರಿಪ್ಟೊಕೊರೈನ್), ಮರಕ್ಕೆ ಕಟ್ಟಿದ್ದೀರಾದರೆ ತೊಂದರೆ ಅಲ್ಲೇ ಸಿಕ್ಕಿತು. ಅವು ಮಣ್ಣಿನಲ್ಲಿ ಬೇರೂರಿ ಊಟ ಮಾಡುವ ಗಿಡಗಳು. ಬಿಚ್ಚಿ ಕೆಳಗೆ ನೆಡಿ.

ಮೊದಲ ಐದು ನಿಮಿಷ

ಆಗುವ ಹಾಗಿದ್ದರೆ ಮರವನ್ನು ಗಿಡದ ಸಮೇತ ಟ್ಯಾಂಕಿನ ನೀರು ತುಂಬಿದ ಬಕೆಟ್‌ಗೆ ತನ್ನಿ. ಆಗದಿದ್ದರೆ ಕೈ ತೊಳೆದುಕೊಂಡು ಟ್ಯಾಂಕ್ ಒಳಗೇ ನೋಡಿ. ರೈಜೋಮ್ ಅನ್ನು ಎರಡು ಬೆರಳಿನಲ್ಲಿ ಹಿಡಿದು ಉದ್ದಕ್ಕೂ ಮೆಲ್ಲಗೆ ಒತ್ತುತ್ತಾ ಹೋಗಿ. ಗಟ್ಟಿಯಾಗಿ, ಹಸಿರಾಗಿ ಇದ್ದರೆ ಗಿಡ ಬದುಕಿದೆ, ಮೇಲೆ ಒಂದೂ ಎಲೆ ಇಲ್ಲದಿದ್ದರೂ ಸರಿ. ಮೆತ್ತಗಿದ್ದು ಒತ್ತಿದಾಗ ಒಳಗೆ ಹೋದರೆ, ಕಂದು ಬಣ್ಣವಿದ್ದು ಕೆಟ್ಟ ವಾಸನೆ ಬಂದರೆ ಅದು ಕೊಳೆತ. ಆಮೇಲೆ ಒಂದೊಂದೇ ಎಲೆಯ ತೊಟ್ಟನ್ನು ಹಿಡಿದು ತೀರಾ ಸಣ್ಣಗೆ ಎಳೆದು ನೋಡಿ. ಆರೋಗ್ಯದ ಎಲೆ ಬರುವುದಿಲ್ಲ. ಹಸಿರಾಗಿ ಕಾಣುವ ಎಲೆಯೇ ಸಲೀಸಾಗಿ ಕೈಗೆ ಬಂದು, ತೊಟ್ಟಿನ ತುದಿ ಲೋಳೆಯಾಗಿ ಇದ್ದರೆ ರೈಜೋಮ್ ಒಳಗೆ ಕೊಳೆತ ಇದೆ ಅಂತಲೇ ಅರ್ಥ.

ಈ ಪರೀಕ್ಷೆ ಮಾಡದೆ ಮುಂದಿನದ್ದು ಓದಬೇಡಿ. ಎರಡು ದಾರಿ ಇಲ್ಲೇ ಬೇರೆಯಾಗುತ್ತವೆ.

ರೈಜೋಮ್ ಮೆತ್ತಗಿದೆ

ಇದಕ್ಕೆ ಕಾಯುವ ಹಾಗಿಲ್ಲ. ಇವತ್ತೇ ಕತ್ತರಿಸಬೇಕು.

ಗಿಡವನ್ನು ಮರದಿಂದ ಬಿಡಿಸಿ. ಹೊಸ ಬ್ಲೇಡ್ ತೆಗೆದುಕೊಳ್ಳಿ, ಕತ್ತರಿ ಬೇಡ, ಕತ್ತರಿ ರೈಜೋಮ್ ಅನ್ನು ಜಜ್ಜುತ್ತದೆ. ಮೆತ್ತಗಿನ ಭಾಗದಿಂದ ಸ್ವಲ್ಪ ದೂರದಲ್ಲಿ, ಗಟ್ಟಿ ಭಾಗದಲ್ಲೇ ಕೊಯ್ಯಿರಿ. ಕೊಯ್ದ ಮುಖ ನೋಡಿ. ಪೂರ್ತಿ ತಿಳಿ ಹಸಿರು ಇಲ್ಲವೇ ಕೆನೆ ಬಣ್ಣ ಇರಬೇಕು. ನಡುವೆ ಕಂದು ಚುಕ್ಕೆಯೋ ಉಂಗುರವೋ ಕಂಡರೆ ಕೊಳೆತ ಇನ್ನೂ ಮುಂದಕ್ಕೆ ಹೋಗಿದೆ. ಬ್ಲೇಡ್ ಒರೆಸಿ, ಸ್ಪಿರಿಟ್ ಹಚ್ಚಿ, ಮತ್ತೆ ಸ್ವಲ್ಪ ಮುಂದೆ ಕೊಯ್ಯಿರಿ. ಹೀಗೆ ಶುದ್ಧ ಮುಖ ಸಿಗುವವರೆಗೂ. ಇಲ್ಲಿ ಜಿಪುಣತನ ಮಾಡಬೇಡಿ, ಎರಡು ಎಲೆ ಉಳಿಸಲು ಹೋಗಿ ಕಂದು ಭಾಗ ಬಿಟ್ಟರೆ ವಾರದಲ್ಲಿ ಉಳಿದದ್ದೂ ಹೋಗುತ್ತದೆ. ಸೂಕ್ತ ತುಂಡು ಅಂದರೆ ಮೂರು ನಾಲ್ಕು ಎಲೆ ಇರುವುದು, ಆದರೆ ಎಲೆ ಇಲ್ಲದ ಗಟ್ಟಿ ತುಂಡನ್ನೂ ಎಸೆಯಬೇಡಿ.

ಆಮೇಲೆ ಯಾಕೆ ಕೊಳೆಯಿತು ಅಂತ ಹುಡುಕಿ. ಮರಕ್ಕೆ ಕಟ್ಟಿದ ಗಿಡದಲ್ಲಿ ನಾನು ಹೆಚ್ಚು ಕಂಡಿರುವ ಕಾರಣ ಸಂದು. ಗಿಡ ನೋಡಲು ಚೆನ್ನಾಗಿ ಕೂರಲಿ ಅಂತ ರೈಜೋಮ್ ಅನ್ನು ಮರದ ಬಿರುಕಿಗೆ ತುರುಕಿರುತ್ತಾರೆ. ಅಲ್ಲಿ ನೀರು ಓಡಾಡುವುದಿಲ್ಲ, ಮೀನಿನ ಗಲೀಜು, ಉಳಿದ ಆಹಾರ ಬಂದು ತುಂಬಿಕೊಳ್ಳುತ್ತದೆ, ರೈಜೋಮ್ ಮೇಲೆಲ್ಲಾ ಕೆಸರು ಕೂರುತ್ತದೆ. ಮರಳಲ್ಲಿ ಹೂತರೆ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ, ಮರಳು ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಬೇರು ಬಿರುಕಿನ ಒಳಗೆ ಹೋಗಬಹುದು, ರೈಜೋಮ್ ಮೇಲುಗಡೆ ನೀರಿಗೆ ತೆರೆದುಕೊಂಡಿರಬೇಕು.

ಎರಡನೇ ಕಾರಣ ದಾರ. ನೈಲಾನ್ ದಾರ, ಮೀನು ಹಿಡಿಯುವ ದಾರ ಕರಗುವುದಿಲ್ಲ. ಕಟ್ಟಿದಾಗ ಸರಿಯಾಗೇ ಇರುತ್ತದೆ, ರೈಜೋಮ್ ದಪ್ಪವಾಗುತ್ತಾ ಹೋದಂತೆ ಅದರೊಳಗೆ ಕೊರೆದುಕೊಂಡು ಹೋಗುತ್ತದೆ, ಆ ಗಾಯದಿಂದ ಕೊಳೆತ ಶುರುವಾಗುತ್ತದೆ. ದಾರದ ಗುರುತು ಇರುವ ಜಾಗದಲ್ಲೇ ಮೆತ್ತಗಾಗಿದ್ದರೆ ಅನುಮಾನವೇ ಬೇಡ. ಮೂರನೆಯದು ಗ್ಲೂ. ಒಂದೆರಡು ಹನಿ ಬೇಕಾದ ಕಡೆ ರೈಜೋಮಿನ ಕೆಳಭಾಗ ಪೂರ್ತಿ ಬಳಿದುಬಿಟ್ಟರೆ ಹೊಸ ಬೇರು ಹೊರಗೆ ಬರಲು ಜಾಗವೇ ಇರುವುದಿಲ್ಲ.

ಈ ಮೂರೂ ಅಲ್ಲ, ಗಿಡ ಚೆನ್ನಾಗಿ ತೆರೆದ ಜಾಗದಲ್ಲಿತ್ತು, ಆದರೂ ಒಂದು ತುದಿಯಿಂದ ಕೊಳೆತ ಹರಿದುಕೊಂಡು ಬರುತ್ತಿದೆ, ಪಕ್ಕದ ಗಿಡಕ್ಕೂ ಬಂದಿದೆ ಅಂದರೆ ಅದು ಅನುಬಿಯಾಸ್ ಬೆಳೆಸುವವರೆಲ್ಲ ಹೆದರುವ ರೈಜೋಮ್ ಕೊಳೆ ರೋಗ. ಹೊಸದಾಗಿ ತಂದ ಗಿಡದ ಜೊತೆಗೇ ಬರುವುದು ಜಾಸ್ತಿ. ಇದಕ್ಕೆ ಗೊಬ್ಬರ, ಲೈಟ್, ನೀರು ಬದಲಾವಣೆ ಯಾವುದೂ ಉಪಯೋಗವಿಲ್ಲ. ಕತ್ತರಿಸಿ, ಗಟ್ಟಿ ತುಂಡುಗಳನ್ನು ಬೇರೆ ಪಾತ್ರೆಯಲ್ಲಿ ಇಡಿ. ಹೊಸ ಅನುಬಿಯಾಸ್ ತಂದಾಗಲೆಲ್ಲ ಅಂಗಡಿಯಲ್ಲೇ ರೈಜೋಮ್ ಒತ್ತಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಎಷ್ಟೇ ಸುಂದರ ಎಲೆ ಇರಲಿ, ಬುಡ ಮೆತ್ತಗಿದ್ದರೆ ತರಬೇಡಿ.

ರೈಜೋಮ್ ಗಟ್ಟಿ, ಆದರೆ ಎಲೆ ಕರಗುತ್ತಿದೆ

ಗಿಡ ತಂದು ಇನ್ನೂ ಒಂದೂವರೆ ತಿಂಗಳು ಆಗಿಲ್ಲವಾ? ಹಾಗಾದರೆ ಹೆದರಬೇಡಿ. ಅನುಬಿಯಾಸ್, ಬುಸೆಫಲಾಂಡ್ರಾ, ಎಷ್ಟೋ ಮಾಸ್‌ಗಳನ್ನು ನರ್ಸರಿಗಳಲ್ಲಿ ನೀರಿನ ಹೊರಗೆ, ತೇವದ ಗಾಳಿಯಲ್ಲಿ ಬೆಳೆಸುತ್ತಾರೆ. ಗಾಳಿಗೆ ಅಂತ ತಯಾರಾದ ಎಲೆ ನೀರಿನೊಳಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಗಿಡ ಅದನ್ನು ಬಿಟ್ಟು ನೀರಿಗೆ ಹೊಂದುವ ಹೊಸ ಎಲೆ ಕಟ್ಟಿಕೊಳ್ಳುತ್ತದೆ. ಬುಸೆಫಲಾಂಡ್ರಾ ಇದರಲ್ಲಿ ತುಂಬಾ ಸೂಕ್ಷ್ಮ, ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಹಾಕಿದರೂ ಕೆಲವೊಮ್ಮೆ ಇದ್ದಬದ್ದ ಎಲೆ ಎಲ್ಲಾ ಉದುರಿಸಿ ಬರೀ ಕಡ್ಡಿಯಾಗಿ ಕೂರುತ್ತದೆ. ರೈಜೋಮ್ ಗಟ್ಟಿ ಇರುವವರೆಗೂ ಅದನ್ನು ಹಾಗೇ ಬಿಡಿ. ಕರಗಿದ ಎಲೆಗಳನ್ನು ಮಾತ್ರ ತೆಗೆಯುತ್ತಾ ಇರಿ, ಇಲ್ಲವಾದರೆ ಅದೇ ಕೊಳೆತು ನೀರು ಕೆಡುತ್ತದೆ.

ಈ ಸಮಯದಲ್ಲಿ ಗಿಡವನ್ನು ದಿನಾ ಕಿತ್ತು ಬೇರೆ ಬೇರೆ ಕಡೆ ಅಂಟಿಸುವುದು ಅತಿ ಕೆಟ್ಟದ್ದು. ಜಾಗ ಬದಲಾದಾಗಲೆಲ್ಲ ಗಿಡ ಮತ್ತೆ ಮೊದಲಿಂದ ಹೊಂದಿಕೊಳ್ಳಬೇಕಾಗುತ್ತದೆ.

ತೊಂದರೆ ಅಂತ ಕಾಣುವ, ಆದರೆ ತೊಂದರೆಯೇ ಅಲ್ಲದ ಸಂಗತಿಗಳು

ಸುಮ್ನೆ ಆರೋಗ್ಯದ ಗಿಡಕ್ಕೆ ಔಷಧಿ ಹಾಕಿ ಕೊಂದವರು ಬಹಳ ಜನ. ಅದಕ್ಕೇ ಇದನ್ನು ಗಮನವಿಟ್ಟು ಓದಿ.

ಜಾವಾ ಫರ್ನ್ ಎಲೆಯ ಹಿಂಭಾಗದಲ್ಲಿ ಕಂದು ಅಥವಾ ಕಪ್ಪು ಗುಳ್ಳೆಗಳು ಇರುತ್ತವೆ, ಸಾಧಾರಣವಾಗಿ ಒಂದು ಕ್ರಮದಲ್ಲಿ. ಅದು ರೋಗ ಅಲ್ಲ, ಬೀಜಕಗಳ ಗಂಟು. ಜಾವಾ ಫರ್ನ್ ಒಂದು ಜರಿಗಿಡ, ಹೆಚ್ಚಿನ ಜರಿಗಿಡಗಳು ಹೀಗೇ. ಆ ಗುಳ್ಳೆಗಳ ಹತ್ತಿರವೋ ಎಲೆಯ ತುದಿಯಲ್ಲೋ ಪುಟ್ಟ ಮರಿಗಿಡ, ಅದಕ್ಕೆ ಕಪ್ಪು ಕೂದಲಿನಂಥ ಬೇರು ಬಂದಿದ್ದರೆ ಅದೂ ಪಾಚಿ ಅಲ್ಲ. ಹಾಗೇ ಬಿಡಿ, ಎರಡು ಮೂರು ಎಲೆ ಬಂದ ಮೇಲೆ ಕಿತ್ತು ಮರದ ಬೇರೆ ಜಾಗದಲ್ಲಿ ಅಂಟಿಸಬಹುದು. ಹೊಸದಾಗಿ ಬೆಳೆಯುತ್ತಿರುವ ಜಾವಾ ಫರ್ನ್ ಎಲೆಯ ತುದಿ ಬಣ್ಣವಿಲ್ಲದೆ ಪಾರದರ್ಶಕವಾಗಿ ಕಾಣುವುದೂ ಸಹಜ, ಅಲ್ಲಿ ಎಲೆ ಇನ್ನೂ ಬೆಳೆಯುತ್ತಿದೆ ಅಷ್ಟೇ.

ಹೊಸ ಮರದ ಮೇಲೆ ಬಿಳಿ ಲೋಳೆ ಬರುತ್ತದೆ. ಮರದಿಂದ ಬಿಡುಗಡೆಯಾಗುವ ಸಕ್ಕರೆ ಅಂಶವನ್ನು ತಿನ್ನುವ ಶಿಲೀಂಧ್ರ, ಬ್ಯಾಕ್ಟೀರಿಯಾ ಅವು. ಮೀನಿಗೂ ಗಿಡಕ್ಕೂ ಅಪಾಯವಿಲ್ಲ, ಬಸವನಹುಳು, ಸಿಗಡಿಗಳು ತಿಂದು ಮುಗಿಸುತ್ತವೆ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗೇ ಹೋಗುತ್ತದೆ. ಒಂದೇ ಎಚ್ಚರ: ಲೋಳೆ ಗಿಡದ ರೈಜೋಮನ್ನೇ ಮುಚ್ಚುವಷ್ಟು ಬೆಳೆದರೆ ನೀರು ಬದಲಾಯಿಸುವಾಗ ಹಳೇ ಟೂತ್ ಬ್ರಷ್‌ನಲ್ಲಿ ಉಜ್ಜಿ ಸೈಫನ್ ಪೈಪ್‌ನಿಂದ ಎಳೆದುಬಿಡಿ.

ನೀರು ಟೀ ಬಣ್ಣಕ್ಕೆ ತಿರುಗಿದರೆ ಅದು ಮರದ ಟ್ಯಾನಿನ್. ಹಾನಿಯಿಲ್ಲ. ಮೆದು ನೀರಿನಲ್ಲಿ ಪಿಎಚ್ ಸ್ವಲ್ಪ ಇಳಿಯಬಹುದು. ಬಣ್ಣ ಬೇಡ ಅನಿಸಿದರೆ ಫಿಲ್ಟರ್‌ನಲ್ಲಿ ಆಕ್ಟಿವೇಟೆಡ್ ಕಾರ್ಬನ್ ಇಡಿ. ಬಣ್ಣ ತೀರಾ ಗಾಢವಾಗಿದ್ದರೆ ಮಾತ್ರ ಲೈಟ್ ಕೆಳಗಿನವರೆಗೆ ತಲುಪದೆ ಮಾಸ್ ಸೊರಗಬಹುದು.

ಅಪರೂಪಕ್ಕೆ ಒಂದು ಬಲಿತ ಎಲೆ ಹಳದಿಯಾಗಿ ಬೀಳುವುದೂ ಲೆಕ್ಕಕ್ಕಿಲ್ಲ. ವಯಸ್ಸಾಗಿದೆ, ಅಷ್ಟೇ.

ಹಳೇ ಎಲೆಯೋ, ಹೊಸ ಎಲೆಯೋ?

ರೈಜೋಮ್ ಗಟ್ಟಿ, ಗಿಡ ಹೊಸದಲ್ಲ, ಆದರೂ ಎಲೆ ಸರಿಯಿಲ್ಲ ಅಂದಾಗ ಮಾತ್ರ ಗೊಬ್ಬರದ ಮಾತು ಬರುತ್ತದೆ. ನೈಟ್ರೋಜನ್, ಪೊಟ್ಯಾಸಿಯಂ, ಮೆಗ್ನೀಸಿಯಂ ಇವನ್ನು ಗಿಡ ಹಳೇ ಎಲೆಯಿಂದ ಕಿತ್ತು ಹೊಸ ಎಲೆಗೆ ಕೊಡಬಲ್ಲದು. ಆದ್ದರಿಂದ ಇವುಗಳ ಕೊರತೆ ಹಳೇ ಎಲೆಯಲ್ಲಿ ಮೊದಲು ಕಾಣುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಹಾಗೆ ಸಾಗಿಸಲು ಆಗುವುದಿಲ್ಲ, ಅವುಗಳ ಕೊರತೆ ಹೊಸ ಎಲೆಯಲ್ಲಿ ಕಾಣುತ್ತದೆ. ಇಷ್ಟು ನೆನಪಿದ್ದರೆ ಅರ್ಧ ಕೆಲಸ ಮುಗಿಯಿತು.

ಹಳೇ ಎಲೆ ಪೂರ್ತಿ ಸಮನಾಗಿ ಹಳದಿಯಾಗಿ, ಒಂದರ ಹಿಂದೆ ಒಂದು ಹೋಗುತ್ತಿದ್ದರೆ ನೈಟ್ರೋಜನ್. ಮೀನು ಕಡಿಮೆ ಇರುವ, ನೀರು ಜಾಸ್ತಿ ಬದಲಾಯಿಸುವ ಟ್ಯಾಂಕ್‌ಗಳಲ್ಲಿ ಇದು ಸಾಮಾನ್ಯ. ನೈಟ್ರೇಟ್ ಟೆಸ್ಟ್ ಕಿಟ್ ಹಾಕಿ ನೋಡಿ, ಸೊನ್ನೆಯ ಹತ್ತಿರ ಇದ್ದರೆ ಖಾತ್ರಿ. 10 ರಿಂದ 20 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ) ಆಸುಪಾಸು ಇದ್ದರೆ ಈ ಗಿಡಗಳಿಗೆ ಸಾಕು. ಹಳೇ ಎಲೆಯಲ್ಲಿ ಸೂಜಿ ಚುಚ್ಚಿದಂಥ ಸಣ್ಣ ತೂತು, ತೂತಿನ ಸುತ್ತ ಹಳದಿ ಅಥವಾ ಕಂದು ಅಂಚು ಇದ್ದರೆ ಪೊಟ್ಯಾಸಿಯಂ ಕಡೆ ನೋಡಿ. ಹಳೇ ಎಲೆಯಲ್ಲಿ ನರ ಹಸಿರು, ನಡುವೆ ಹಳದಿ ಇದ್ದರೆ ಮೆಗ್ನೀಸಿಯಂ. ಅದೇ ಚಿತ್ರ ಹೊಸ ಎಲೆಯಲ್ಲಿ ಇದ್ದರೆ ಕಬ್ಬಿಣ. ಹೊಸ ಎಲೆ ಪುಟ್ಟದಾಗಿ, ಮುರುಟಿಕೊಂಡು, ಅಂಕುಡೊಂಕಾಗಿ ಬಂದರೆ ಕ್ಯಾಲ್ಸಿಯಂ ಬಗ್ಗೆ ಯೋಚಿಸಿ, ಅದರಲ್ಲೂ ಬರೀ ಆರ್‌ಓ ನೀರು ಹಾಕುತ್ತಿದ್ದರೆ. ಆರ್‌ಓ ನೀರಿನಲ್ಲಿ ಖನಿಜಗಳು ಹೆಚ್ಚುಕಮ್ಮಿ ಇರುವುದೇ ಇಲ್ಲ, ಅಕ್ವೇರಿಯಂಗೆ ಅಂತ ಸಿಗುವ ಖನಿಜದ ಪುಡಿ ಸೇರಿಸಬೇಕು, ಇಲ್ಲವೇ ಸ್ವಲ್ಪ ಮಾಮೂಲಿ ನೀರು ಬೆರೆಸಬೇಕು.

ಇನ್ನೊಂದು ಮಾತು. ಮರದ ಮೇಲಿನ ಗಿಡಕ್ಕೆ ಮರಳಲ್ಲಿ ಹೂಳುವ ಗೊಬ್ಬರದ ಮಾತ್ರೆ ಪ್ರಯೋಜನವಿಲ್ಲ. ಇವು ನೀರಿನಿಂದಲೇ ಆಹಾರ ತೆಗೆದುಕೊಳ್ಳುತ್ತವೆ. ನೀರಿಗೆ ಹಾಕುವ ದ್ರವ ಗೊಬ್ಬರ ಬೇಕು, ಅದೂ ಬಾಟಲಿ ಮೇಲೆ ಬರೆದಿರುವ ಪ್ರಮಾಣದ ಅರ್ಧದಿಂದ ಶುರು ಮಾಡಿ. ಕೆಟ್ಟ ಎಲೆ ಮತ್ತೆ ಹಸಿರಾಗುತ್ತದೆ ಅಂತ ಕಾಯಬೇಡಿ, ತೂತು ಬಿದ್ದ ಎಲೆ ತೂತಾಗೇ ಇರುತ್ತದೆ. ಮುಂದೆ ಬರುವ ಎರಡು ಹೊಸ ಎಲೆ ಹೇಗಿವೆ ಅನ್ನುವುದೇ ಉತ್ತರ.

ತೂತಿನ ವಿಷಯ ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಅಂಚು ಹಳದಿಯಾಗದೆ, ಚೆನ್ನಾಗಿರುವ ಹಸಿರು ಎಲೆಯೇ ಕಚ್ಚಿದಂತೆ ಹರಿದಿದ್ದರೆ ಅದು ಗೊಬ್ಬರ ಅಲ್ಲ, ಮೀನು. ಗೋಲ್ಡ್‌ಫಿಶ್, ಸಿಲ್ವರ್ ಡಾಲರ್ ಗಿಡ ತಿನ್ನುವವೇ. ಮೇಲಿನ ಪದರ ಕೆರೆದು ಎಲೆ ಜಾಲರಿ ಥರ ತೆಳ್ಳಗಾಗಿದ್ದರೆ ಪ್ಲೆಕೋ ಮೀನು ಕೆರೆದಿದೆ, ಅದಕ್ಕೆ ಊಟ ಸಾಲುತ್ತಿಲ್ಲ. ಸಣ್ಣ ಬಸವನಹುಳುಗಳ ಮೇಲೆ ಎಲ್ಲರೂ ಅಪವಾದ ಹೊರಿಸುತ್ತಾರೆ, ಆದರೆ ಬ್ಲ್ಯಾಡರ್, ರ್‍ಯಾಮ್ಸ್‌ಹಾರ್ನ್ ಹುಳುಗಳು ಹೆಚ್ಚಾಗಿ ಸಾಯುತ್ತಿರುವ ಎಲೆಯನ್ನೇ ತಿನ್ನುತ್ತವೆ. ಅವು ಒಂದು ಎಲೆಯ ಮೇಲೆ ಗುಂಪು ಸೇರಿದ್ದರೆ ಆ ಎಲೆ ಮೊದಲೇ ಕೆಟ್ಟಿದೆ ಅಂತ ತಿಳಿಯಿರಿ.

ಎಲೆ ಮೇಲೆ ಪಾಚಿ

ಮರದ ಗಿಡಗಳ ದೊಡ್ಡ ತಲೆನೋವು ಇದೇ. ಎಲೆ ತಿಂಗಳುಗಟ್ಟಲೆ ಅಲ್ಲೇ ಇರುವುದರಿಂದ ಪಾಚಿಗೆ ಕೂರಲು ಬೇಕಾದಷ್ಟು ಸಮಯ ಸಿಗುತ್ತದೆ. ಅದರ ಮೇಲೆ ನಾವು ಮರವನ್ನು ಟ್ಯಾಂಕಿನ ಮಧ್ಯದಲ್ಲಿ, ಲೈಟಿನ ನೇರ ಕೆಳಗೆ ಇಡುತ್ತೇವೆ. ಅನುಬಿಯಾಸ್ ನೆರಳಿನ ಗಿಡ, ಅದಕ್ಕೆ ಅಷ್ಟು ಬೆಳಕು ಬೇಡವೇ ಬೇಡ.

ಯಾವ ಪಾಚಿ ಅಂತ ಬೆರಳಿನಿಂದಲೇ ಗೊತ್ತಾಗುತ್ತದೆ. ಒರೆಸಿದರೆ ಪುಡಿಯಾಗಿ ಹಾರುವ ಕಂದು ಧೂಳು ಡಯಾಟಮ್. ಹೊಸ ಟ್ಯಾಂಕ್‌ನ ಮೊದಲ ಒಂದೆರಡು ತಿಂಗಳು ಬರುತ್ತದೆ, ಹೋಗುತ್ತದೆ. ಒರೆಸುತ್ತಿರಿ, ಬೇರೇನೂ ಮಾಡಬೇಡಿ. ಉಗುರಿನಿಂದ ಕೆರೆದರೂ ಬಾರದ ಗಟ್ಟಿ ಹಸಿರು ಚುಕ್ಕೆ ಗ್ರೀನ್ ಸ್ಪಾಟ್ ಪಾಚಿ. ಲೈಟ್ ಜಾಸ್ತಿ, ಫಾಸ್ಫೇಟ್ ಕಡಿಮೆ ಇರುವ ಕಡೆ ಇದು ಬರುತ್ತದೆ. ಲೈಟ್ ಅನ್ನು ದಿನಕ್ಕೆ 6 ಗಂಟೆಗೆ ಇಳಿಸಿ, ಟೈಮರ್ ಹಾಕಿ, ಮರವನ್ನು ಸ್ವಲ್ಪ ತಿರುಗಿಸಿ ಗಿಡ ನೆರಳಿಗೆ ಬರುವ ಹಾಗೆ ಮಾಡಿ, ಇಲ್ಲವೇ ಮೇಲೆ ತೇಲುವ ಗಿಡ ಬಿಡಿ. ಗೊಬ್ಬರದಲ್ಲಿ ಫಾಸ್ಫೇಟ್ ಇದೆಯಾ ನೋಡಿ. ಪಾಚಿ ಬರುತ್ತದೆ ಅಂತ ಹೆದರಿ ಫಾಸ್ಫೇಟ್ ಪೂರ್ತಿ ತೆಗೆದವರ ಟ್ಯಾಂಕಿನಲ್ಲೇ ಈ ಚುಕ್ಕೆ ಜಾಸ್ತಿ. ಪದರ ಪದರವಾಗಿ ಎದ್ದು ಬರುವ ನೀಲಿ ಹಸಿರು ಲೋಳೆ, ಕೆಟ್ಟ ವಾಸನೆ ಇದ್ದರೆ ಅದು ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ. ನೀರಿನ ಓಡಾಟ ಕಡಿಮೆ ಇರುವ, ಗಲೀಜು ಕೂತಿರುವ ಕಡೆ ಬರುತ್ತದೆ. ಸೈಫನ್‌ನಿಂದ ಎಳೆದು, ಫಿಲ್ಟರ್ ನೀರು ಆ ಕಡೆ ಹರಿಯುವ ಹಾಗೆ ತಿರುಗಿಸಿ.

ಇನ್ನು ಎಲೆಯ ಅಂಚಿನಲ್ಲಿ, ಮರದ ತುದಿಗಳಲ್ಲಿ ಕಪ್ಪು ಬೂದು ಬಣ್ಣದ ಮೋಟು ಕೂದಲಿನ ಗೊಂಚಲು. ಎಳೆದರೂ ಬರುವುದಿಲ್ಲ. ಇದು ಬ್ಲ್ಯಾಕ್ ಬಿಯರ್ಡ್ ಪಾಚಿ, ಕಪ್ಪಾಗಿ ಕಂಡರೂ ಕೆಂಪು ಪಾಚಿಗಳ ಜಾತಿಗೆ ಸೇರಿದ್ದು. ಅನುಮಾನ ಇದ್ದರೆ ಒಂದು ಎಲೆ ಕತ್ತರಿಸಿ ಸ್ಪಿರಿಟ್‌ನಲ್ಲಿ ಹಾಕಿ ನೋಡಿ, ಪಾಚಿ ಕೆಂಪಗಾದರೆ ಇದೇ. ಕಾರ್ಬನ್ ಡೈಆಕ್ಸೈಡ್ ಹಾಕುವ ಟ್ಯಾಂಕ್‌ಗಳಲ್ಲಿ ಅದರ ಪ್ರಮಾಣ ದಿನಾ ಏರಿಳಿದರೆ ಬರುತ್ತದೆ, ಹಾಕದ ಟ್ಯಾಂಕ್‌ಗಳಲ್ಲಿ ಹೆಚ್ಚಾಗಿ ಕೊಳೆತ ಪದಾರ್ಥ ಜಾಸ್ತಿಯಾಗಿ, ಲೈಟ್ ಜಾಸ್ತಿಯಾಗಿ ಬರುತ್ತದೆ. ಡ್ರಿಫ್ಟ್‌ವುಡ್ ಇದಕ್ಕೆ ಬಹಳ ಇಷ್ಟದ ಜಾಗ.

ಕೊಲ್ಲಲು ಸುಲಭದ ದಾರಿ 3% ಹೈಡ್ರೋಜನ್ ಪೆರಾಕ್ಸೈಡ್. ನನಗೆ ಮರವನ್ನು ಹೊರಗೆ ತೆಗೆದು ಮಾಡುವುದೇ ಹೆಚ್ಚು ನಂಬಿಕೆ. ಪಾಚಿ ಇರುವ ಜಾಗಕ್ಕೆ ಮಾತ್ರ ಬ್ರಷ್‌ನಿಂದ ಹಚ್ಚಿ, ಎರಡು ಮೂರು ನಿಮಿಷ ಬಿಟ್ಟು, ಚೆನ್ನಾಗಿ ತೊಳೆದು ವಾಪಸ್ ಇಡಿ. ಮರ ತೆಗೆಯಲು ಆಗದಿದ್ದರೆ ಫಿಲ್ಟರ್ ನಿಲ್ಲಿಸಿ, ಸೂಜಿಯಿಲ್ಲದ ಸಿರಿಂಜ್‌ನಿಂದ ಪಾಚಿಯ ಮೇಲೆ ನಿಧಾನಕ್ಕೆ ಬಿಡಿ, ಹತ್ತು ನಿಮಿಷ ಬಿಟ್ಟು ಫಿಲ್ಟರ್ ಹಾಕಿ. ಒಟ್ಟು ಪ್ರಮಾಣ ಲೀಟರ್ ನೀರಿಗೆ 0.5 ಮಿಲೀ ದಾಟಬಾರದು, ಅಂದರೆ 50 ಲೀಟರ್ ಟ್ಯಾಂಕಿಗೆ ಹೆಚ್ಚೆಂದರೆ 25 ಮಿಲೀ. ಸಿಗಡಿ ಇದ್ದರೆ ಅದರ ಅರ್ಧ ಸಾಕು. ಕೆಲವು ದಿನಗಳಲ್ಲಿ ಪಾಚಿ ಗುಲಾಬಿ ಬಣ್ಣಕ್ಕೆ, ಆಮೇಲೆ ಬೂದು ಬಿಳಿಗೆ ತಿರುಗುತ್ತದೆ, ಅಂದರೆ ಸತ್ತಿದೆ. ಮಾಸ್ ಮೇಲೆ ಮಾತ್ರ ಪೆರಾಕ್ಸೈಡ್ ಬೇಡ, ಮಾಸ್ ಕೂಡ ಸುಟ್ಟುಹೋಗುತ್ತದೆ. ಲಿಕ್ವಿಡ್ ಕಾರ್ಬನ್ ಅಂತ ಮಾರುವ ಗ್ಲೂಟರಾಲ್ಡಿಹೈಡ್ ದ್ರವಗಳೂ ಮಾಸ್‌ಗೆ ಆಗಿಬರುವುದಿಲ್ಲ.

ಕಾರಣ ಸರಿ ಮಾಡದೆ ಬರೀ ಪಾಚಿ ಕೊಂದರೆ ಅದು ಮತ್ತೆ ಬರುತ್ತದೆ. ಪ್ರತಿ ಸಲ ನೀರು ಬದಲಾಯಿಸುವಾಗ ಎಲೆಗಳ ಮೇಲೆ ಕೂತ ಕೆಸರನ್ನು ಕೈಯಿಂದ ಬೀಸಿ ಎಬ್ಬಿಸಿ ಎಳೆದು ತೆಗೆಯಿರಿ. ಮೀನಿಗೆ ಹಾಕುವ ಊಟ ಕಡಿಮೆ ಮಾಡಿ. ಅರ್ಧಕ್ಕಿಂತ ಜಾಸ್ತಿ ಪಾಚಿ ತುಂಬಿದ ಎಲೆಯನ್ನು ಉಳಿಸಲು ಒದ್ದಾಡಬೇಡಿ, ಬುಡದಲ್ಲಿ ಕತ್ತರಿಸಿ ಬಿಸಾಕಿ.

ಮಾಸ್ ಕಂದಾಗುತ್ತಿದೆ, ಇಲ್ಲವೇ ಕಿತ್ತು ಬರುತ್ತಿದೆ

ಇವೆರಡೂ ಬಹಳ ಸಲ ಒಂದೇ ತೊಂದರೆ. ಮಾಸ್ ದಪ್ಪವಾಗಿ ಬೆಳೆದಾಗ ಮೇಲಿನ ಪದರ ಕೆಳಗಿನದಕ್ಕೆ ಬೆಳಕು, ನೀರು ಎರಡೂ ಬಿಡುವುದಿಲ್ಲ. ಮರವನ್ನು ಹಿಡಿದುಕೊಂಡಿರುವುದು ಆ ಕೆಳಗಿನ ಪದರವೇ. ಅದು ಸತ್ತ ಮೇಲೆ ಒಂದು ದಿನ ಇಡೀ ಹಾಸು ಎದ್ದು ತೇಲುತ್ತದೆ. ಮೇಲಿಂದ ನೋಡಿದರೆ ಹಚ್ಚ ಹಸಿರಾಗೇ ಇರುತ್ತದೆ, ಅದಕ್ಕೇ ಯಾರಿಗೂ ಮೊದಲೇ ಗೊತ್ತಾಗುವುದಿಲ್ಲ. ಬೆರಳಿನಿಂದ ಬಿಡಿಸಿ ಒಳಗೆ ನೋಡಿ. ಒಳಗೆ ಕಂದಾಗಿದ್ದರೆ ಇವತ್ತೇ ಕತ್ತರಿಸಿ, ಮರದ ಮೇಲೆ ಒಂದು ಸೆಂಟಿಮೀಟರಿನಷ್ಟು ಉಳಿದರೆ ಸಾಕು. ಫಿಲ್ಟರ್ ನಿಲ್ಲಿಸಿ ಕತ್ತರಿಸಿ, ಚೂರುಗಳನ್ನು ಪೂರ್ತಿ ಎಳೆದು ತೆಗೆಯಿರಿ, ಇಲ್ಲವಾದರೆ ಒಂದು ಚೂರು ಹೋಗಿ ಫಿಲ್ಟರ್ ಒಳಗೆ, ಬೇರೆ ಗಿಡಗಳ ಸಂದಿಯಲ್ಲಿ ಬೆಳೆಯುತ್ತದೆ.

ಹೊಸದಾಗಿ ಕಟ್ಟುವಾಗಲೇ ತೆಳ್ಳಗೆ ಕಟ್ಟಬೇಕು, ಮರ ಅಲ್ಲಲ್ಲಿ ಕಾಣುವಷ್ಟು ತೆಳ್ಳಗೆ. ತುಂಬಾ ಹಾಕಿದರೆ ಬೇಗ ತುಂಬುತ್ತದೆ ಅನ್ನುವುದು ತಪ್ಪು ಲೆಕ್ಕ.

ಮೇಲಿನ ತುದಿಗಳೇ ಕಂದಾಗುತ್ತಿದ್ದರೆ ಬೇರೆ ಕಾರಣ. ನೀರಿನ ಉಷ್ಣತೆ ನೋಡಿ. 22 ರಿಂದ 26 ಡಿಗ್ರಿಯಲ್ಲಿ ಹೆಚ್ಚಿನ ಮಾಸ್‌ಗಳು ಖುಷಿಯಾಗಿರುತ್ತವೆ, 30 ದಾಟಿ ಹಾಗೇ ನಿಂತರೆ ಸೊರಗುತ್ತವೆ. ಇತ್ತೀಚೆಗೆ ಪಾಚಿ ಔಷಧಿಯೋ, ತಾಮ್ರ ಇರುವ ಮೀನಿನ ಔಷಧಿಯೋ ಹಾಕಿದ್ದೀರಾ ನೆನಪಿಸಿಕೊಳ್ಳಿ. ಹಾಕಿದ್ದರೆ ದೊಡ್ಡ ಪ್ರಮಾಣದಲ್ಲಿ ನೀರು ಬದಲಾಯಿಸಿ ಫಿಲ್ಟರ್‌ನಲ್ಲಿ ಆಕ್ಟಿವೇಟೆಡ್ ಕಾರ್ಬನ್ ಇಡಿ. ಮಾಸ್ ಜೊತೆ ದಾರದಂಥ ಪಾಚಿ ಹೆಣೆದುಕೊಂಡಿದ್ದರೆ ಟೂತ್ ಬ್ರಷ್ ಸುತ್ತಿ ಎಳೆದು ನೋಡಿ, ಪೂರ್ತಿ ಸೇರಿಹೋಗಿದ್ದರೆ ಶುದ್ಧವಾಗಿರುವ ಒಂದು ಚಿಟಿಕೆ ತುದಿ ಆರಿಸಿ ಉಳಿದದ್ದು ಎಸೆಯುವುದೇ ಮೇಲು. ಆ ಚಿಟಿಕೆಯಿಂದ ಮತ್ತೆ ಬೆಳೆಯುತ್ತದೆ, ಮಾಸ್ ಅಷ್ಟು ಗಟ್ಟಿ.

ಗಿಡ ಮರಕ್ಕೆ ಅಂಟುತ್ತಲೇ ಇಲ್ಲ

ಬೇರು ತಾನಾಗಿ ಮರ ಹಿಡಿಯಲು ಒಂದೆರಡು ತಿಂಗಳು ಬೇಕು. ಅಲ್ಲಿವರೆಗೆ ಹಿಡಿದಿಡುವುದು ದಾರದ ಅಥವಾ ಗ್ಲೂ ಕೆಲಸ. ಹತ್ತಿ ದಾರ ಕೆಲವು ವಾರಗಳಲ್ಲಿ ಕೊಳೆತು ಬೀಳುತ್ತದೆ, ಬೇಗ ಬೇರು ಬಿಡುವ ಗಿಡಕ್ಕೆ ಅದು ಚೆನ್ನ, ಬುಸೆಫಲಾಂಡ್ರಾದಂಥ ನಿಧಾನದ ಗಿಡಕ್ಕೆ ಸಾಲುವುದಿಲ್ಲ.

ಗ್ಲೂ ಅಂದರೆ ಸೈನೋಅಕ್ರಿಲೇಟ್ ಇರುವ ಸೂಪರ್ ಗ್ಲೂ, ಅದರಲ್ಲೂ ಜೆಲ್. ನೀರಿನಂಥದ್ದು ಹರಿದು ಎಲೆಗೆಲ್ಲ ಮೆತ್ತಿಕೊಳ್ಳುತ್ತದೆ. ಗ್ಲೂ ನಿಲ್ಲುತ್ತಿಲ್ಲ ಅಂದರೆ ಹೆಚ್ಚಾಗಿ ಮರದ ಮೇಲೆ ಲೋಳೆ ಇರುತ್ತದೆ, ನೀವು ಅಂಟಿಸಿದ್ದು ಲೋಳೆಗೇ ಹೊರತು ಮರಕ್ಕಲ್ಲ. ಆ ಜಾಗ ಬ್ರಷ್‌ನಿಂದ ಉಜ್ಜಿ, ಬಟ್ಟೆಯಿಂದ ಒತ್ತಿ ನೀರಿಳಿಸಿ, ಬೇರುಗಳ ಮೇಲೆ ಒಂದು ಹನಿ ಹಾಕಿ ಹತ್ತಿಪ್ಪತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಬಿಳಿ ಕಲೆ ಕಂಡರೆ ಚಿಂತೆ ಬೇಡ, ಗ್ಲೂ ಗಟ್ಟಿಯಾದಾಗ ಹಾಗಾಗುತ್ತದೆ, ಮೀನಿಗೆ ತೊಂದರೆಯಿಲ್ಲ. ಸುರಿದ ಗ್ಲೂ ಒರೆಸಲು ಹತ್ತಿ ಮಾತ್ರ ಬಳಸಬೇಡಿ. ಹತ್ತಿಗೂ ಈ ಗ್ಲೂಗೂ ಸೇರಿದರೆ ಜೋರಾಗಿ ಬಿಸಿಯಾಗುತ್ತದೆ, ಬೆರಳು ಸುಡುತ್ತದೆ.

ಗಿಡದ ಜೊತೆ ಮರದ ಸಿಪ್ಪೆಯೂ ಎದ್ದು ಬಂದಿದ್ದರೆ ತಪ್ಪು ಗಿಡದ್ದಲ್ಲ. ಮರದ ತೊಗಟೆ ತೆಗೆದೇ ಇಲ್ಲ.

ಕೊನೆಗೆ ಮರವನ್ನೇ ಪರೀಕ್ಷಿಸಿ

ಎಲ್ಲಾ ಸರಿ ಇದ್ದು ಒಂದೇ ಮರದ ಮೇಲಿನ ಗಿಡಗಳು ಮಾತ್ರ ಸೊರಗುತ್ತಿದ್ದರೆ ಮರವನ್ನು ಹೊರಗೆ ತೆಗೆದು ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿ. ಮೇಲ್ಮೈ ಸ್ವಲ್ಪ ಮೆತ್ತಗಿರುವುದು ಹಳೇ ಮರಕ್ಕೆ ಸಹಜ. ಸ್ಕ್ರೂಡ್ರೈವರ್ ಸಲೀಸಾಗಿ ಒಳಗೆ ಹೋಗಿ, ಕಪ್ಪು ಪುಡಿ ಬಂದು, ಕೊಳೆತ ಮೊಟ್ಟೆಯ ವಾಸನೆ ಹೊಡೆದರೆ ಒಳಗೆ ಆಮ್ಲಜನಕವಿಲ್ಲದೆ ಕೊಳೆಯುತ್ತಿದೆ. ಆ ಮರ ವಾಪಸ್ ಹಾಕಬೇಡಿ. ಸರಿಯಾಗಿ ಒಣಗದ ಹಸಿ ಮರ, ಅಂಟು ಸುರಿಯುವ ಪೈನ್ ಥರದ ಮರ ಹಾಕಿದರೆ ಹೀಗಾಗುವುದು, ನೀರು ಕೆಡುವುದು ಜಾಸ್ತಿ. ಕುದಿಸಿದರೆ ಸರಿಹೋಗುತ್ತದಾ ಅಂತ ಕೇಳುತ್ತಾರೆ. ಕುದಿಸುವುದು ಒಳ್ಳೇ ಮರದ ಟ್ಯಾನಿನ್ ಇಳಿಸಲು, ಬೇಗ ಮುಳುಗಿಸಲು. ಕೊಳೆತ ಮರ ಕುದಿಸಿದರೆ ಇನ್ನೂ ಮೆತ್ತಗಾಗುತ್ತದೆ.

ಸರಿ ಮಾಡಿದ ಮೇಲೆ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಲೈಟ್, ಗೊಬ್ಬರ, ಜಾಗ ಮೂರೂ ಒಟ್ಟಿಗೆ ಬದಲಾಯಿಸಿದರೆ ಗಿಡ ಸುಧಾರಿಸಿದರೂ ಯಾವುದರಿಂದ ಅಂತ ಗೊತ್ತಾಗುವುದಿಲ್ಲ, ಕೆಟ್ಟರೂ ಗೊತ್ತಾಗುವುದಿಲ್ಲ. ವಾರಕ್ಕೊಂದು ಫೋಟೋ ಒಂದೇ ಜಾಗದಿಂದ ತೆಗೆದಿಡಿ, ಇಷ್ಟು ನಿಧಾನದ ಗಿಡದಲ್ಲಿ ನಮ್ಮ ನೆನಪಿಗಿಂತ ಫೋಟೋ ನಂಬಬಹುದು. ಮೂರು ವಾರಕ್ಕೆ ಮೊದಲು ತೀರ್ಮಾನ ಬೇಡ.

ಕೊಳೆತ ಕತ್ತರಿಸಿ ಉಳಿಸಿದ ರೈಜೋಮ್ ತುಂಡುಗಳನ್ನು ತಕ್ಷಣ ಮರಕ್ಕೆ ಅಂಟಿಸಬೇಡಿ. ಸಣ್ಣ ಬಲೆಯಲ್ಲೋ ತೂತಿರುವ ಡಬ್ಬಿಯಲ್ಲೋ ಹಾಕಿ, ನೀರಿನ ಮೇಲ್ಭಾಗದಲ್ಲಿ ಸ್ವಲ್ಪ ನೀರು ಓಡಾಡುವ ಕಡೆ ತೇಲಿಬಿಡಿ. ರೋಗದ ಅನುಮಾನ ಇದ್ದರೆ ಟ್ಯಾಂಕ್ ಬೇಡ, ಬೇರೆ ಪಾತ್ರೆಯಲ್ಲೇ ಇರಲಿ, ನೀರು ಆಗಾಗ ಬದಲಾಯಿಸಿ. ವಾರಕ್ಕೊಮ್ಮೆ ಒತ್ತಿ ನೋಡಿ, ಕೊಯ್ದ ಮುಖ ಕಂದಾಗಿದೆಯಾ ನೋಡಿ. ಮೆತ್ತಗಾದ ತುಂಡನ್ನು ತೆಗೆದುಹಾಕಿ. ಉಳಿದವುಗಳಲ್ಲಿ ಪಕ್ಕದಿಂದ ಹಸಿರು ಮೊಗ್ಗು ಎದ್ದು, ಒಂದು ಹೊಸ ಬೇರೂ ಬಂದ ಮೇಲೆ ಮರದ ತೆರೆದ ಜಾಗ ನೋಡಿ, ಒಂದು ಹನಿ ಜೆಲ್ ಹಾಕಿ ಅಂಟಿಸಿ.